ಮೊಡವೆ ಮಾಸಿದರೂ ಕುಳಿ ಉಳಿದರೆ: ಮೊಡವೆ ಕಲೆಗಳನ್ನು ಗುರುತಿಸಿ ಚಿಕಿತ್ಸೆ ಪಡೆಯುವ ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ‘ಕಲೆ’ ಎಂಬ ಪದ ಬಹಳ ಉದಾರಿ. ಅಂಗಿಗೆ ಬಿದ್ದ ಮಸಿಯೂ ಕಲೆ, ಮೊಣಕಾಲಿನ ಮೇಲೆ ಬಾಲ್ಯದಿಂದ ಉಳಿದ ಗಾಯದ ಗುರುತೂ ಕಲೆ. ಮೊಡವೆಯ ವಿಷಯದಲ್ಲಿ ಈ ಔದಾರ್ಯ ನಮಗೆ ದುಬಾರಿಯಾಗುತ್ತದೆ. ಕೆನ್ನೆಯ ಮೇಲಿನ ಕಂದು ಚುಕ್ಕೆ, ಮೊಡವೆ ಆರಿದ ಜಾಗದ ಕೆಂಪು, ಬೆರಳಾಡಿಸಿದರೆ ಸಿಗುವ ಕುಳಿ, ದವಡೆಯಂಚಿನಲ್ಲಿ ಉಬ್ಬಿ ನಿಂತ ಗಂಟು ಈ ನಾಲ್ಕಕ್ಕೂ ಒಂದೇ ಹೆಸರಿಟ್ಟು, ನಾಲ್ಕಕ್ಕೂ ಒಂದೇ ಕ್ರೀಮ್ ಹಚ್ಚುತ್ತೇವೆ. ನಾನೂ ಹಚ್ಚಿದವನೇ. ಹದಿಹರೆಯದಿಂದ ಶುರುವಾಗಿ ಹಲವು ವರ್ಷ ‘ಕಲೆ ನಿವಾರಕ’ ಎಂದು ಬರೆದಿದ್ದ ಟ್ಯೂಬುಗಳನ್ನು ಒಂದರ ಹಿಂದೊಂದು ಖಾಲಿ ಮಾಡಿದೆ. ಅವು ಪೂರ್ತಿ ಸುಳ್ಳು ಹೇಳಿರಲಿಲ್ಲ. ಕಂದು ಬಣ್ಣ ನಿಧಾನವಾಗಿ ತಿಳಿಯಾಯಿತು. ಕುಳಿ ಮಾತ್ರ ಇದ್ದಲ್ಲೇ ಇತ್ತು. ಬಣ್ಣ ತೆಗೆಯುವ ಮುಲಾಮಿಗೆ ಹಳ್ಳ ತುಂಬುವ ಕೆಲಸ ಗೊತ್ತಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆಯುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ಆದ್ದರಿಂದ ಇಲ್ಲಿ ಔಷಧಿಯ ಹೆಸರಿಗಿಂತ ಮೊದಲು ಗುರುತಿಸುವ ಕೆಲಸ ಬರುತ್ತದೆ. ಕೆಳಗಿನ ಹಂತಗಳ ಅನುಕ್ರಮವನ್ನು ತಪ್ಪಿಸಬೇಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದವರೇ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ.

ಹಂತ 1: ಅದು ಮೊಡವೆಯೇ ಹೌದೇ ಎಂದು ನೋಡಿ

ಮುಖದ ಮೇಲೆ ಏಳುವ ಗುಳ್ಳೆಗಳೆಲ್ಲ ಮೊಡವೆಯಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎನ್ನುವಂತಹ ಚಿಕಿತ್ಸೆ ಚರ್ಮದ ವಿಷಯದಲ್ಲಿ ನಡೆಯುವಷ್ಟು ಬೇರೆಲ್ಲೂ ನಡೆಯುವುದಿಲ್ಲವೇನೋ.

ಮೊಡವೆಗೆ ಒಂದು ನಿಶ್ಚಿತ ಲಕ್ಷಣವಿದೆ: ಗುಳ್ಳೆಗಳ ನಡುವೆ ಎಲ್ಲಾದರೂ ಕಪ್ಪುತಲೆ ಅಥವಾ ಬಿಳಿತಲೆಗಳು ಇದ್ದೇ ಇರುತ್ತವೆ. ರೋಮಕೂಪದೊಳಗೆ ಸತ್ತ ಚರ್ಮಕೋಶಗಳೂ ಜಿಡ್ಡೂ ಸೇರಿ ಬಿರಡೆಯಂತೆ ಕಟ್ಟಿಕೊಳ್ಳುವುದರಿಂದಲೇ ಎಲ್ಲವೂ ಆರಂಭ. ಬಾಯಿ ತೆರೆದಿದ್ದರೆ ಅದು ಕಪ್ಪುತಲೆ, ಮುಚ್ಚಿದ್ದರೆ ಬಿಳಿತಲೆ. ಕಪ್ಪು ಬಣ್ಣ ಕೊಳೆಯದ್ದಲ್ಲ. ಮೆಲನಿನ್ ವರ್ಣದ್ರವ್ಯ ಮತ್ತು ಗಾಳಿಗೆ ತೆರೆದುಕೊಂಡ ಜಿಡ್ಡಿನದು. ದಿನಕ್ಕೆ ಆರು ಸಲ ಮುಖ ಉಜ್ಜಿ ತೊಳೆದರೂ ಅದು ಹೋಗದಿರುವುದು ಅದಕ್ಕಾಗಿಯೇ. (ಮೂಗಿನ ಮೇಲೆ ಸಾಲಾಗಿ ಕಾಣುವ ಬೂದು ಚುಕ್ಕೆಗಳು ಬಹುತೇಕ ಕಪ್ಪುತಲೆಗಳೂ ಅಲ್ಲ, ಎಲ್ಲರ ಮೂಗಿನಲ್ಲೂ ಇರುವ ಜಿಡ್ಡಿನ ಎಳೆಗಳು. ಹಿಂಡಿ ತೆಗೆದರೆ ಕೆಲವೇ ವಾರಗಳಲ್ಲಿ ಮತ್ತೆ ಬರುತ್ತವೆ.)

ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು, ವಿಪರೀತ ತುರಿಸುತ್ತಿದ್ದರೆ ಅದು ಮಲಸೀಜಿಯಾ ಎಂಬ ಶಿಲೀಂಧ್ರದಿಂದ ರೋಮಕೂಪಗಳಲ್ಲಿ ಆದ ಸೋಂಕಾಗಿರಬಹುದು. ಮೊಡವೆಗೆ ಕೊಡುವ ಆಂಟಿಬಯೋಟಿಕ್‌ನಿಂದ ಇದು ಇಳಿಯುವುದಿಲ್ಲ, ಏರುತ್ತದೆ. ಮೂವತ್ತು ದಾಟಿದವರ ಮೂಗು–ಕೆನ್ನೆಗಳು ಬಿಸಿಲಿಗೆ, ಬಿಸಿ ಪಾನೀಯಕ್ಕೆ ಕೆಂಪೇರಿ, ಆ ಕೆಂಪಿನ ಮೇಲೆ ಗುಳ್ಳೆಗಳೆದ್ದರೂ ಕಪ್ಪುತಲೆಗಳಿಲ್ಲದಿದ್ದರೆ ಅದು ರೊಸೇಷಿಯಾ. ಬಾಯಿಯ ಸುತ್ತ ಮಾತ್ರ ಸಣ್ಣ ಗುಳ್ಳೆಗಳ ಗುಂಪಿದ್ದು, ತುಟಿಯ ಅಂಚಿನಲ್ಲಿ ತೆಳುವಾದ ಸ್ವಚ್ಛ ಪಟ್ಟಿ ಉಳಿದಿದ್ದರೆ, ಸ್ಟೆರಾಯ್ಡ್ ಮುಲಾಮು ಹಚ್ಚಿದ ಇತಿಹಾಸ ಇದೆಯೇ ಎಂದು ನೆನಪಿಸಿಕೊಳ್ಳಿ, ಅದೇ ಕಾರಣವಾಗಿರಬಹುದು. ಕ್ಷೌರದ ನಂತರ ಗಡ್ಡದ ಜಾಗದಲ್ಲಿ ಮಾತ್ರ ಏಳುವುದು ಒಳಮುಖವಾಗಿ ಬೆಳೆದ ಕೂದಲಿನ ತೊಂದರೆ. ಕಂಕುಳು, ತೊಡೆಸಂದಿಗಳಲ್ಲಿ ನೋವಿನ ಗಂಟುಗಳು ಮತ್ತೆ ಮತ್ತೆ ಎದ್ದು ಒಡೆಯುತ್ತಿದ್ದರೆ ಅದಕ್ಕೆ ಹೈಡ್ರಡಿನೈಟಿಸ್ ಎಂಬ ಬೇರೆಯದೇ ಹೆಸರಿದೆ, ಬೇರೆಯದೇ ಚಿಕಿತ್ಸೆಯಿದೆ.

ಇನ್ನು ಮೊಡವೆಗೆ ಸಂಬಂಧವಿಲ್ಲದ, ಆದರೆ ಮುಖದ ‘ಕಲೆ’ ಎಂದೇ ಜನ ಹೇಳುವ ಇತರ ತೊಂದರೆಗಳು. ಎರಡೂ ಕೆನ್ನೆಗಳಲ್ಲಿ, ಹಣೆಯಲ್ಲಿ, ಮೇಲ್ತುಟಿಯಲ್ಲಿ ಸಮನಾಗಿ ಹರಡಿದ ಕಂದು ಛಾಯೆ ಬಂಗು. ಬಿಸಿಲು, ಗರ್ಭಧಾರಣೆ, ಹಾರ್ಮೋನ್ ಮಾತ್ರೆಗಳು ಅದನ್ನು ಕೆರಳಿಸುತ್ತವೆ. ಉಂಗುರದಂತೆ ಹರಡುತ್ತ, ಅಂಚು ಉಬ್ಬಿ ಹೊಟ್ಟೇಳುತ್ತ, ನಡುಭಾಗ ತಿಳಿಯಾಗುತ್ತ ಹೋಗುವುದು ಹುಳುಕಡ್ಡಿ. ಎದೆ–ಬೆನ್ನಿನಲ್ಲಿ ಕೆರೆದರೆ ನವಿರಾಗಿ ಪುಡಿಯುದುರುವ ಮಂಕು ಮಚ್ಚೆ ಚಿಬ್ಬು. ಪುಡಿಯಿಲ್ಲದೆ ನುಣುಪಾಗಿ ಹಾಲಿನಂತೆ ಬೆಳ್ಳಗಾಗುವುದು ತೊನ್ನು; ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ವರ್ಣಕೋಶಗಳ ಮೇಲೆರಗುವುದರಿಂದ ಹೀಗಾಗುತ್ತದೆ, ಇದು ಯಾರಿಗೂ ಅಂಟುವುದಿಲ್ಲ. ಮೂಗಿನ ಪಕ್ಕ, ಹುಬ್ಬು, ನೆತ್ತಿಯಲ್ಲಿ ಜಿಡ್ಡುಜಿಡ್ಡಾದ ಹೊಟ್ಟು ತಲೆಹೊಟ್ಟಿನದೇ ಬಳಗ. ಮೊಣಕೈ, ಮೊಣಕಾಲು, ನೆತ್ತಿಯಲ್ಲಿ ಬೆಳ್ಳಿಬಣ್ಣದ ದಪ್ಪ ಪದರ ಕಟ್ಟುವುದು ಸೋರಿಯಾಸಿಸ್, ಅದೂ ಅಂಟುವುದಿಲ್ಲ. ಮಡಿಕೆಗಳಲ್ಲಿ ಒಣಗಿ ತುರಿಸುವುದು ಇಸಬು. ರಾತ್ರಿ ಹೊತ್ತು ಬೆರಳುಸಂದಿಗಳಲ್ಲಿ ತುರಿಕೆ ಹೆಚ್ಚಿ, ಮನೆಯಲ್ಲಿ ಇನ್ನೊಬ್ಬರಿಗೂ ಶುರುವಾಗಿದ್ದರೆ ಕಜ್ಜಿ ಎಂದು ತಿಳಿಯಿರಿ. ಮನೆಮಂದಿಗೆಲ್ಲ ಒಟ್ಟಿಗೆ ಔಷಧಿ ಹಚ್ಚದೆ ಅದು ಹೋಗುವುದಿಲ್ಲ.

ಇವುಗಳಲ್ಲಿ ಯಾವುದೆಂದು ಅನುಮಾನವಿದ್ದರೂ ಒಂದು ತಪ್ಪನ್ನು ಮಾತ್ರ ಮಾಡಬೇಡಿ: ಬೆಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಸೋನ್‌ನಂತಹ ಸ್ಟೆರಾಯ್ಡ್ ಇರುವ ಮುಲಾಮನ್ನು ವೈದ್ಯರು ಹೇಳದೆ ಮುಖಕ್ಕೆ ಹಚ್ಚುವುದು. ಮೊದಲ ವಾರ ಮುಖ ತಿಳಿಯಾಗಿ ಹೊಳೆಯುತ್ತದೆ, ಅದೇ ಅದರ ಮೋಸ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಹೊಸ ಗುಳ್ಳೆಗಳೇಳುತ್ತವೆ, ಬಿಟ್ಟರೆ ಉರಿಯುತ್ತದೆ. ಹುಳುಕಡ್ಡಿಯ ಮೇಲೆ ಹಚ್ಚಿದರೆ ಅದರ ರೂಪವೇ ಬದಲಾಗಿ ವೈದ್ಯರೂ ಗುರುತಿಸಲು ತಿಣುಕುವಂತಾಗುತ್ತದೆ. ಟ್ಯೂಬಿನ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ಹಂತ 2: ನಿಮ್ಮ ಕಲೆ ಯಾವ ಜಾತಿಯದು?

ಮುಖ ತೊಳೆದು, ಒರೆಸಿ, ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಬೆಳಕು ಎದುರಿನಿಂದ ಬೀಳದೆ ಒಂದು ಬದಿಯಿಂದ ಬೀಳಬೇಕು. ಎದುರು ಬೆಳಕಿನಲ್ಲಿ ಬಣ್ಣ ಕಾಣುತ್ತದೆ, ಪಕ್ಕದ ಬೆಳಕಿನಲ್ಲಿ ನೆರಳು ಕಾಣುತ್ತದೆ. ನೆರಳು ಬಿದ್ದಲ್ಲಿ ಕುಳಿಯಿದೆ.

ಮೊದಲ ಪರೀಕ್ಷೆ ಬೆರಳಿನದು. ಕಣ್ಣು ಮುಚ್ಚಿ ಕಲೆಯ ಮೇಲೆ ಬೆರಳಾಡಿಸಿ. ಏರುತಗ್ಗು ಸಿಗದೆ ನುಣುಪಾಗಿದ್ದರೆ ಅದು ಬರೀ ಬಣ್ಣ, ಗಾಯದ ಗುರುತಲ್ಲ. ಎರಡನೆಯದು ಗಾಜಿನದು. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಮೆಲ್ಲಗೆ ಒತ್ತಿ ನೋಡಿದಾಗ ಕೆಂಪು ಮಾಯವಾದರೆ ಅದು ಹಿಗ್ಗಿದ ಸಣ್ಣ ರಕ್ತನಾಳಗಳದ್ದು. ಕಂದು ಹಾಗೆಯೇ ಉಳಿದರೆ ಮೆಲನಿನ್‌ದು. ಮೂರನೆಯದು ಎಳೆತದ್ದು. ಕುಳಿಯ ಎರಡೂ ಬದಿಯ ಚರ್ಮವನ್ನು ಬೆರಳುಗಳಿಂದ ಹಿಗ್ಗಿಸಿ. ಕುಳಿ ಸಮನಾಗಿ ಮಾಯವಾದರೆ ಅದು ಆಳವಿಲ್ಲದ್ದು, ಬಹುಶಃ ಅಲೆಯಂಥದ್ದು. ಎಷ್ಟು ಹಿಗ್ಗಿಸಿದರೂ ಕಪ್ಪು ಬಿಂದುವಾಗಿ ಉಳಿದರೆ ಆಳವಾದದ್ದು.

ಕುಳಿಗಳಲ್ಲಿ ಮೂರು ಬಗೆ. ದಪ್ಪ ಸೂಜಿಯಿಂದ ಚುಚ್ಚಿದಂತೆ ಮೇಲೆ ಎರಡು ಮಿಲಿಮೀಟರಿಗಿಂತ ಕಿರಿದಾಗಿದ್ದು, ಕೆಳಗೆ ಚೂಪಾಗಿ ಆಳಕ್ಕಿಳಿಯುವವು ಸೂಜಿಕುಳಿಗಳು. ಕುಳಿಗಳ ಪೈಕಿ ಹೆಚ್ಚು ಪಾಲು ಇವುಗಳದ್ದೇ, ಹಟಮಾರಿಗಳೂ ಇವೇ. ಕಡಿದಾದ ಗೋಡೆ, ಚಪ್ಪಟೆ ತಳವಿರುವ, ಸುಮಾರು ಎರಡರಿಂದ ನಾಲ್ಕು ಮಿಲಿಮೀಟರ್ ಅಗಲದವು ಪೆಟ್ಟಿಗೆಕುಳಿಗಳು. ಅಂಚು ಸ್ಪಷ್ಟವಿಲ್ಲದೆ, ನಾಲ್ಕೈದು ಮಿಲಿಮೀಟರಿಗಿಂತ ಅಗಲವಾಗಿ, ಮುಖಕ್ಕೆ ಅಲೆಯಲೆಯಾದ ಮೇಲ್ಮೈ ಕೊಡುವವು ಅಲೆಕುಳಿಗಳು. ಇವುಗಳಡಿ ನಾರಿನ ಎಳೆಗಳು ಚರ್ಮವನ್ನು ಕೆಳಕ್ಕೆ ಎಳೆದು ಕಟ್ಟಿಹಾಕಿರುತ್ತವೆ. ಈ ಕನ್ನಡ ಹೆಸರುಗಳು ನನ್ನ ಅನುಕೂಲಕ್ಕೆ ಇಟ್ಟುಕೊಂಡವು. ವೈದ್ಯರು ಐಸ್‌ಪಿಕ್, ಬಾಕ್ಸ್‌ಕಾರ್, ರೋಲಿಂಗ್ ಎನ್ನುತ್ತಾರೆ.

ಒಬ್ಬರದೇ ಮುಖದಲ್ಲಿ ಮೂರೂ ಬೆರೆತಿರುವುದು ಸಾಮಾನ್ಯ. ಮುಖದ ಚಿತ್ರವೊಂದನ್ನು ಕಾಗದದ ಮೇಲೆ ಒರಟಾಗಿ ಬರೆದು, ಎಲ್ಲಿ ಯಾವುದಿದೆ ಎಂದು ಗುರುತು ಹಾಕಿಕೊಳ್ಳಿ. ಹುಡುಗಾಟಿಕೆಯಂತೆ ಕಂಡರೂ ಮುಂದೆ ವೈದ್ಯರ ಜೊತೆ ಮಾತನಾಡುವಾಗ ಈ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಹಂತ 3: ಹೊಸ ಮೊಡವೆಗಳನ್ನು ನಿಲ್ಲಿಸಿ

ಸೋರುವ ಮನೆಯ ಗೋಡೆಗೆ ಸುಣ್ಣ ಬಳಿದು ಫಲವಿಲ್ಲ. ಪ್ರತಿ ತಿಂಗಳೂ ನಾಲ್ಕು ದೊಡ್ಡ ಮೊಡವೆಗಳು ಏಳುತ್ತಿರುವಾಗ ಹಳೆಯ ಕುಳಿಗಳಿಗೆ ಲೇಸರ್ ಮಾಡಿಸುವುದೂ ಹಾಗೆಯೇ. ಕುಳಿ ಹುಟ್ಟುವುದು ಉರಿಯೂತದಿಂದ. ರೋಮಕೂಪದ ಗೋಡೆ ಒಡೆದು ಒಳಗಿನದ್ದು ಸುತ್ತಲಿನ ಅಂಗಾಂಶಕ್ಕೆ ಚೆಲ್ಲಿದಾಗ, ದೇಹ ಅದನ್ನು ಸ್ವಚ್ಛಗೊಳಿಸುವ ಭರದಲ್ಲಿ ಚರ್ಮಕ್ಕೆ ಆಧಾರವಾದ ಅಲ್ಲಿನ ಕೊಲಾಜೆನ್ ನಾರುಗಳನ್ನೂ ಕರಗಿಸಿಬಿಡುತ್ತದೆ. ಉರಿಯೂತ ಎಷ್ಟು ದಿನ ಇರುತ್ತದೋ ಕುಳಿಯ ಸಾಧ್ಯತೆ ಅಷ್ಟು ಹೆಚ್ಚು. ಹಾಗಾಗಿ ಮೊಡವೆಗೆ ಬೇಗ ಚಿಕಿತ್ಸೆ ಪಡೆಯುವುದೇ ಕುಳಿಗೆ ಅತ್ಯಂತ ಅಗ್ಗದ ಚಿಕಿತ್ಸೆ. ‘ವಯಸ್ಸಿಗೆ ಬಂದಾಗ ಬರುತ್ತೆ, ತಾನಾಗಿ ಹೋಗುತ್ತೆ’ ಎನ್ನುವ ಹಿರಿಯರ ಮಾತಿನ ಅರ್ಧ ನಿಜ. ಮೊಡವೆ ಹೋಗುತ್ತದೆ.

ಬೆಳಿಗ್ಗೆ ಮತ್ತು ರಾತ್ರಿ, ದಿನಕ್ಕೆ ಎರಡೇ ಸಲ, ಸೌಮ್ಯ ಕ್ಲೆನ್ಸರ್‌ನಿಂದ ಮುಖ ತೊಳೆಯಿರಿ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಬಟ್ಟೆ ಸೋಪಿನಂತಹ ಕ್ಷಾರೀಯ ವಸ್ತುಗಳು, ಅಡುಗೆ ಸೋಡಾ ಈ ಸಮತೋಲ ಕೆಡಿಸುತ್ತವೆ. ನಿಂಬೆರಸದ್ದು ಇನ್ನೊಂದು ತುದಿ: ಅದರ ಪಿಎಚ್ ಸುಮಾರು 2, ಮೇಲಾಗಿ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗುಳ್ಳೆಗಳೂ ಗಾಢ ಕಪ್ಪು ಕಲೆಗಳೂ ಏಳಬಹುದು. ಟೂತ್‌ಪೇಸ್ಟ್ ಹಲ್ಲಿಗೆ ಒಳ್ಳೆಯದು, ಅಲ್ಲಿಗೇ ಇರಲಿ.

ಔಷಧಿಗಳಲ್ಲಿ ಎರಡು ಆಧಾರಸ್ತಂಭಗಳಿವೆ. ಒಂದು ಬೆನ್ಜಾಯ್ಲ್ ಪೆರಾಕ್ಸೈಡ್. ಮೊಡವೆಯ ಬ್ಯಾಕ್ಟೀರಿಯಾವನ್ನು ಆಮ್ಲಜನಕದಿಂದ ಕೊಲ್ಲುವುದರಿಂದ ಅದಕ್ಕೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಶೇಕಡಾ 2.5ರ ಜೆಲ್ ಸಾಕು. ಶೇಕಡಾ 10ರದ್ದು ಉರಿಸುವುದು ಹೆಚ್ಚು, ಕೆಲಸ ಅಷ್ಟೇನೂ ಹೆಚ್ಚಲ್ಲ. ದಿಂಬಿನ ಹೊದಿಕೆ, ಟವೆಲ್‌ಗಳ ಬಣ್ಣ ಹೋಗುತ್ತದೆ, ಬಿಳಿಯವನ್ನೇ ಬಳಸಿ. ಇನ್ನೊಂದು ವಿಟಮಿನ್ ಎ ಬಳಗದ ರೆಟಿನಾಯ್ಡ್, ಉದಾಹರಣೆಗೆ ಶೇಕಡಾ 0.1ರ ಅಡಾಪಲೀನ್. ರೋಮಕೂಪದ ಬಾಯಲ್ಲಿ ಬಿರಡೆ ಕಟ್ಟದಂತೆ ನೋಡಿಕೊಳ್ಳುವುದು ಅದರ ಕೆಲಸ.

ಅಡಾಪಲೀನ್ ಹಚ್ಚುವ ಕ್ರಮದಲ್ಲಿಯೇ ಬಹಳ ಮಂದಿ ಸೋಲುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆಯಿಟ್ಟು ತೆಳುವಾಗಿ ಇಡೀ ಮುಖಕ್ಕೆ ಸವರಿ. ಎದ್ದ ಮೊಡವೆಯ ಮೇಲೆ ಮಾತ್ರ ಹಚ್ಚುವುದು ತಪ್ಪು. ಈ ಔಷಧಿ ಇನ್ನೂ ಕಾಣದ ಮೊಡವೆಗೆ. ಕಣ್ಣಿನ ಸುತ್ತ, ಮೂಗಿನ ಮೂಲೆ, ತುಟಿಯ ಅಂಚನ್ನು ಬಿಡಿ. ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ, ಆಮೇಲೆ ದಿನ ಬಿಟ್ಟು ದಿನ, ಚರ್ಮ ಒಗ್ಗಿದ ಮೇಲೆ ಪ್ರತಿ ರಾತ್ರಿ. ಉರಿ, ಸಿಪ್ಪೆ ಏಳುವುದು ಹೆಚ್ಚಾದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಔಷಧಿ, ಮತ್ತೆ ಮಾಯಿಶ್ಚರೈಸರ್ ಹಚ್ಚಿ. ಮೊದಲ ತಿಂಗಳಲ್ಲಿ ಮೊಡವೆ ಹೆಚ್ಚಾದಂತೆ ಕಂಡರೆ ಎದೆಗುಂದಿ ಬಿಡಬೇಡಿ. ಫಲ ಅಳೆಯಬೇಕಾದದ್ದು 8ರಿಂದ 12 ವಾರಗಳ ನಂತರ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಯ್ಡ್ ಬಳಸಬಾರದು. ಅವರಿಗೆ ವೈದ್ಯರು ಅಜೆಲಾಯಿಕ್ ಆಮ್ಲವನ್ನು ಸೂಚಿಸುವುದುಂಟು.

ಇಷ್ಟಕ್ಕೂ ಬಗ್ಗದಿದ್ದರೆ, ಅಥವಾ ಆಳದ ನೋವಿನ ಗಂಟುಗಳಿದ್ದರೆ, ಮನೆಯ ಪ್ರಯತ್ನ ಅಲ್ಲಿಗೆ ಸಾಕು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳನ್ನು ವೈದ್ಯರು ಸಾಮಾನ್ಯವಾಗಿ ಮೂರು–ನಾಲ್ಕು ತಿಂಗಳಿಗೆ ಮೀರದಂತೆ, ಬೆನ್ಜಾಯ್ಲ್ ಪೆರಾಕ್ಸೈಡ್ ಜೊತೆಯಲ್ಲೇ ಕೊಡುತ್ತಾರೆ. ಹೆಣ್ಣುಮಕ್ಕಳಲ್ಲಿ ದವಡೆಯ ಸುತ್ತ ಮೊಡವೆ, ಮುಟ್ಟಿನ ಏರುಪೇರು, ಮುಖದಲ್ಲಿ ಕೂದಲು ಒಟ್ಟಿಗೆ ಕಂಡರೆ ಹಾರ್ಮೋನ್ ಪರೀಕ್ಷೆಯ ಮಾತೆತ್ತಿ. ತೀವ್ರವಾದದ್ದಕ್ಕೆ, ಕುಳಿ ಬೀಳುತ್ತಿರುವುದಕ್ಕೆ ಐಸೋಟ್ರೆಟಿನಾಯಿನ್ ಎಂಬ ನುಂಗುವ ಔಷಧಿ ಇದೆ. ಅಮೆರಿಕದಲ್ಲಿ ಅದಕ್ಕೆ 1982ರಲ್ಲೇ ಅನುಮತಿ ಸಿಕ್ಕಿತು. ಇಂದಿಗೂ ಮೊಡವೆಯನ್ನು ಬಹುಕಾಲ ತಡೆಹಿಡಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ರಕ್ತದ ಕೊಬ್ಬು, ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಮನಸ್ಸು ಕುಗ್ಗಿದಂತೆ ಅನಿಸಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಗರ್ಭದಲ್ಲಿರುವ ಮಗುವಿಗೆ ಘೋರ ಹಾನಿ ಮಾಡುವ ಔಷಧಿಯಿದು: ಶುರುಮಾಡುವ ಒಂದು ತಿಂಗಳ ಮೊದಲಿನಿಂದ ಮುಗಿದ ಒಂದು ತಿಂಗಳವರೆಗೆ ಗರ್ಭಧಾರಣೆ ಆಗಲೇಬಾರದು. ಔಷಧಿ ನುಂಗುವಷ್ಟು ದಿನ ಮತ್ತು ಮುಗಿದ ಒಂದು ತಿಂಗಳವರೆಗೆ ರಕ್ತದಾನವೂ ಬೇಡ. ಗೆಳೆಯನ ಬಳಿ ಉಳಿದ ಮಾತ್ರೆಗಳನ್ನು ಪಡೆದು ನುಂಗುವಂಥ ಔಷಧಿ ಖಂಡಿತ ಅಲ್ಲ.

ಕೊನೆಯದಾಗಿ, ಕೈ. ಹಿಚುಕಿದ ಪ್ರತಿಯೊಂದು ಮೊಡವೆಯಲ್ಲಿ ಅರ್ಧ ಹೊರಬಂದರೆ ಇನ್ನರ್ಧ ಒಳಕ್ಕೆ ನುಗ್ಗುತ್ತದೆ. ಓದುವಾಗ, ಫೋನಿನಲ್ಲಿರುವಾಗ ಅರಿವಿಲ್ಲದೆ ಕೈ ಮುಖಕ್ಕೆ ಹೋಗುವವರು ಹೈಡ್ರೋಕೊಲಾಯ್ಡ್ ಪಟ್ಟಿ ಅಂಟಿಸಿಕೊಳ್ಳಲಿ. ಕೀವು ಹೀರುವುದಕ್ಕಿಂತ, ಬೆರಳನ್ನು ತಡೆಯುವುದೇ ಅದರ ದೊಡ್ಡ ಉಪಕಾರ.

ಹಂತ 4: ಬಿಸಿಲಿಗೆ ಅಡ್ಡಗಟ್ಟಿ

ಇದು ಬೇಸರ ತರಿಸುವ ಹಂತ, ಬೇಗ ಮುಗಿಸುತ್ತೇನೆ. ಎಸ್‌ಪಿಎಫ್ 30 ಅಥವಾ ಹೆಚ್ಚಿರುವ, ಯುವಿಎ ಕಿರಣವನ್ನೂ ತಡೆಯುವ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆಯಷ್ಟು ಹಚ್ಚಿದರೆ ಮುಖ–ಕತ್ತಿಗೆ ಸಾಕು; ಬಹಳ ಜನ ಇದರ ಅರ್ಧವನ್ನೂ ಹಚ್ಚುವುದಿಲ್ಲ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಂದು ಕಲೆ ಅಥವಾ ಬಂಗು ಇರುವವರು ಐರನ್ ಆಕ್ಸೈಡ್ ಇರುವ, ತುಸು ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಳ್ಳಲಿ. ಕಣ್ಣಿಗೆ ಕಾಣುವ ಬೆಳಕು ಕೂಡ ಕಂದು ಚರ್ಮದಲ್ಲಿ ವರ್ಣ ಹೆಚ್ಚಿಸುತ್ತದೆ, ಅದನ್ನು ಬಿಳಿ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯದು. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡವೆಂಬ ಮಾತು ಚಾಲ್ತಿಯಲ್ಲಿದೆ. ಬಿಸಿಲಿನ ಸುಟ್ಟಗಾಯ ಕಡಿಮೆ, ನಿಜ. ಕಲೆ ಕಪ್ಪಾಗುವುದರಲ್ಲಿ ಅವರೇ ಮುಂದು.

ಹಂತ 5: ಬಣ್ಣದ ಕಲೆಗಳನ್ನು ತಿಳಿಯಾಗಿಸಿ

ಕಂದು ಕಲೆಗಳ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ: ಏನೂ ಮಾಡದಿದ್ದರೂ ಹೆಚ್ಚಿನವು ತಿಂಗಳುಗಳಲ್ಲಿ ಮಾಸುತ್ತವೆ. ನಾವು ಮಾಡುವುದೆಲ್ಲ ಅದನ್ನು ಸ್ವಲ್ಪ ಬೇಗ ಮಾಡಿಸುವುದು. ತಿಳಿ ಕಂದಿನವು ಚರ್ಮದ ಮೇಲ್ಪದರದಲ್ಲಿರುತ್ತವೆ, ಬೇಗ ಹೋಗುತ್ತವೆ. ಬೂದು–ನೀಲಿ ಛಾಯೆಯವು ಕೆಳಪದರದವು, ವರ್ಷಗಳೂ ಹಿಡಿಯಬಹುದು.

ಹಂತ 3ರ ಅಡಾಪಲೀನ್ ಇಲ್ಲಿಯೂ ಕೆಲಸ ಮಾಡುತ್ತದೆ. ಅದರ ಜೊತೆ ಬೆಳಗಿನ ಹೊತ್ತು ಶೇಕಡಾ 15–20ರ ಅಜೆಲಾಯಿಕ್ ಆಮ್ಲ ಅಥವಾ ಶೇಕಡಾ 4–5ರ ನಯಾಸಿನಮೈಡ್, ಯಾವುದಾದರೂ ಒಂದನ್ನು ಸೇರಿಸಿ. ಒಂದನ್ನೇ. ಕಪಾಟಿನ ತುಂಬ ಸೀರಮ್ ಜೋಡಿಸಿಕೊಂಡು ಎಲ್ಲವನ್ನೂ ಒಂದೇ ವಾರದಲ್ಲಿ ಶುರುಮಾಡಿದರೆ, ಉರಿ ಎದ್ದಾಗ ಯಾರು ಅಪರಾಧಿ ಎಂದೇ ತಿಳಿಯುವುದಿಲ್ಲ. ಆ ಉರಿಯೇ ಹೊಸ ಕಂದು ಕಲೆಗೆ ಕಾರಣವಾಗುತ್ತದೆ. ಹೈಡ್ರೋಕ್ವಿನೋನ್ ಬಲವಾದದ್ದು, ವೈದ್ಯರ ಉಸ್ತುವಾರಿಯಲ್ಲಿ ಕೆಲವು ತಿಂಗಳ ಮಟ್ಟಿಗೆ ಮಾತ್ರ. ವರ್ಷಗಟ್ಟಲೆ ಹಚ್ಚಿದವರಲ್ಲಿ ಚರ್ಮ ನೀಲಿಗಪ್ಪಾಗಿ ಹಾಗೆಯೇ ನಿಂತುಬಿಡುವ ಅಪಾಯವಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಮೂರೂ ಬೆರೆತ ಕ್ರೀಮುಗಳನ್ನು ‘ಮುಖ ಬೆಳ್ಳಗಾಗಲು’ ಎಂದು ದಿನನಿತ್ಯ ಬಳಸುವವರು ಹಂತ 1ರ ಕೊನೆಯ ಪರಿಚ್ಛೇದವನ್ನು ಮತ್ತೊಮ್ಮೆ ಓದಬೇಕು.

ಕೆಂಪು ಕಲೆಗಳಿಗೆ ಈ ಬಣ್ಣ ತೆಗೆಯುವ ಔಷಧಿಗಳಿಂದ ಹೆಚ್ಚು ಪ್ರಯೋಜನವಿಲ್ಲ, ಅಲ್ಲಿ ಮೆಲನಿನ್ ಇಲ್ಲವಲ್ಲ. ಕಾಯುವುದು, ಬಿಸಿಲು ತಡೆಯುವುದು, ಆರು ತಿಂಗಳ ನಂತರವೂ ಉಳಿದರೆ ರಕ್ತನಾಳಗಳನ್ನು ಗುರಿಯಾಗಿಸುವ ಪಲ್ಸ್ಡ್ ಡೈ ಲೇಸರ್ ಬಗ್ಗೆ ಕೇಳುವುದು ಸರಿಯಾದ ದಾರಿ.

ಹಂತ 6: ಕುಳಿಗೆ ತಕ್ಕ ಚಿಕಿತ್ಸೆ ಆರಿಸಿಕೊಳ್ಳಿ

ಹಚ್ಚುವ ಔಷಧಿಯಿಂದ ಕುಳಿಗಳು ತುಸು ಮಟ್ಟಿಗೆ ಸುಧಾರಿಸಬಹುದು. ಶೇಕಡಾ 0.3ರ ಅಡಾಪಲೀನ್ ಮತ್ತು ಬೆನ್ಜಾಯ್ಲ್ ಪೆರಾಕ್ಸೈಡ್ ಬೆರೆತ ಜೆಲ್ಲನ್ನು ಆರು ತಿಂಗಳು ಹಚ್ಚಿದವರಲ್ಲಿ ಕುಳಿಗಳ ಸಂಖ್ಯೆ ಸ್ವಲ್ಪ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹಳೆಯ, ಆಳದ ಕುಳಿಗೆ ವೈದ್ಯರ ಕೈಯೇ ಬೇಕು. ಅಲ್ಲಿನ ತತ್ವ ಒಂದೇ: ಲೆಕ್ಕವಿಟ್ಟು ಸಣ್ಣ ಗಾಯ ಮಾಡಿ, ದೇಹ ಹೊಸ ಕೊಲಾಜೆನ್ ಕಟ್ಟುವಂತೆ ಪ್ರಚೋದಿಸುವುದು. ಗಾಯದ ಬಗೆ ಮಾತ್ರ ಕುಳಿಯ ಬಗೆಗೆ ಹೊಂದಬೇಕು.

ಅಲೆಕುಳಿಗೆ ಮೊದಲ ಆಯ್ಕೆ ಸಬ್‌ಸಿಷನ್. 1995ರಲ್ಲಿ ಪ್ರಕಟವಾದ ವಿಧಾನವಿದು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಚರ್ಮದಡಿ ಸೂಜಿ ಅಥವಾ ಮೊಂಡು ಕೊಳವೆ ತೂರಿಸಿ, ಚರ್ಮವನ್ನು ಕೆಳಕ್ಕೆಳೆದಿರುವ ನಾರಿನ ಎಳೆಗಳನ್ನು ಕತ್ತರಿಸುತ್ತಾರೆ. ಹಗ್ಗ ಬಿಚ್ಚಿದ ಡೇರೆಯ ಬಟ್ಟೆಯಂತೆ ಚರ್ಮ ಮೇಲಕ್ಕೇಳುತ್ತದೆ. ಒಂದೆರಡು ವಾರ ಮುಖ ನೀಲಿಗಟ್ಟಿ ಬಾತಿರುತ್ತದೆ, ಮದುವೆ–ಸಂದರ್ಶನಗಳ ಹಿಂದಿನ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಎಳೆಗಳು ಹಾಗೆಯೇ ಇರುವಾಗ ಎಷ್ಟು ಲೇಸರ್ ಹೊಡೆಸಿದರೂ ಅಲೆಕುಳಿ ಹೆಚ್ಚು ಮೇಲೇಳುವುದಿಲ್ಲ. ನನಗೆ ನಾಲ್ಕು ಸುತ್ತು ಲೇಸರ್ ಆದ ಮೇಲೆ ಇನ್ನೊಬ್ಬ ವೈದ್ಯರು ಕೆನ್ನೆಯನ್ನು ಹಿಗ್ಗಿಸಿ ನೋಡಿ ಈ ಮಾತು ಹೇಳಿದರು. ಮೊದಲಿನ ಕಡೆ ಯಾರೂ ಕೆನ್ನೆ ಮುಟ್ಟಿಯೂ ನೋಡಿರಲಿಲ್ಲ.

ಸೂಜಿಕುಳಿಗೆ ಟಿಸಿಎ ಕ್ರಾಸ್. ಟ್ರೈಕ್ಲೋರೋಅಸೆಟಿಕ್ ಆಮ್ಲದ ಗಾಢ ದ್ರಾವಣವನ್ನು, ಸಾಮಾನ್ಯವಾಗಿ ಶೇಕಡಾ 50ರಿಂದ 100ರವರೆಗಿನದನ್ನು, ಚೂಪಾದ ಕಡ್ಡಿಯ ತುದಿಯಿಂದ ಕುಳಿಯ ತಳಕ್ಕೆ ಮಾತ್ರ ಮುಟ್ಟಿಸುತ್ತಾರೆ. ಕ್ಷಣದಲ್ಲಿ ಅಲ್ಲಿ ಬಿಳಿ ಮಂಜು ಕಟ್ಟುತ್ತದೆ, ಆಮೇಲೆ ಹಕ್ಕಳೆಯಾಗಿ ಸುಮಾರು ಒಂದು ವಾರದಲ್ಲಿ ಉದುರುತ್ತದೆ. ಒಳಗಿನಿಂದ ಕೊಲಾಜೆನ್ ತುಂಬುತ್ತ ಕುಳಿ ಕಿರಿದಾಗುತ್ತದೆ. ನಾಲ್ಕು ವಾರ ಅಥವಾ ಹೆಚ್ಚು ಅಂತರದಲ್ಲಿ ಹಲವು ಸುತ್ತು ಬೇಕು. ಈ ಆಮ್ಲ ಅಂತರ್ಜಾಲದಲ್ಲಿ ಸಲೀಸಾಗಿ ಸಿಗುತ್ತದೆ, ಮನೆಯಲ್ಲೇ ಹಚ್ಚಿಕೊಳ್ಳುವುದನ್ನು ಕಲಿಸುವ ವಿಡಿಯೋಗಳೂ ಇವೆ. ಒಂದು ಹನಿ ಕುಳಿಯಂಚಿಗೆ ಹರಿದರೆ ಸೂಜಿಕುಳಿ ಅಗಲವಾಗಿ ಪೆಟ್ಟಿಗೆಕುಳಿಯಾಗುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ಬೇಡ. ತೀರಾ ಆಳದ ಕುಳಿಗಳನ್ನು ಅಂಚುಸಮೇತ ಪುಟ್ಟ ವೃತ್ತಾಕಾರದ ಬ್ಲೇಡಿನಿಂದ ಕತ್ತರಿಸಿ ತೆಗೆದು ಹೊಲಿಯುವ ಪಂಚ್ ವಿಧಾನವೂ ಇದೆ. ಕುಳಿಯ ಬದಲು ಸಣ್ಣ ಗೆರೆ ಉಳಿಯುತ್ತದೆ.

ಪೆಟ್ಟಿಗೆಕುಳಿಗಳಲ್ಲಿ ಆಳವಿಲ್ಲದವಕ್ಕೆ, ಮತ್ತು ಒಟ್ಟಾರೆ ಚರ್ಮದ ನಯಕ್ಕೆ, ಮೈಕ್ರೋನೀಡ್ಲಿಂಗ್ ಹಾಗೂ ಲೇಸರ್. ಮೈಕ್ರೋನೀಡ್ಲಿಂಗ್‌ನಲ್ಲಿ ಸುಮಾರು ಒಂದೂವರೆಯಿಂದ ಎರಡೂವರೆ ಮಿಲಿಮೀಟರ್ ಉದ್ದದ ಸೂಜಿಗಳು ಸಾವಿರಾರು ರಂಧ್ರ ಮಾಡುತ್ತವೆ. ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮೂರರಿಂದ ಆರು ಸುತ್ತು. ಮೇಲ್ಪದರ ಸುಡದಿರುವುದರಿಂದ ಕಂದು–ಕಪ್ಪು ಚರ್ಮದವರಿಗೆ ಲೇಸರಿಗಿಂತ ಸುರಕ್ಷಿತ. ಸೂಜಿಯ ತುದಿಯಿಂದ ರೇಡಿಯೋ ತರಂಗದ ಶಾಖವನ್ನು ಆಳಕ್ಕೆ ಕೊಡುವ ಯಂತ್ರ ಇದರ ಮುಂದಿನ ರೂಪ. ಮನೆಯಲ್ಲಿ ಉರುಳಿಸುವ ಅಗ್ಗದ ರೋಲರ್‌ಗಳ ಸೂಜಿ ಒಂದೋ ಕುಳಿ ಮುಟ್ಟುವಷ್ಟು ಉದ್ದವಿರುವುದಿಲ್ಲ, ಇದ್ದರೆ ಚರ್ಮವನ್ನು ಸೀಳುತ್ತದೆ. ಮೊಡವೆಯಿರುವ ಮುಖದಲ್ಲಿ ಸೋಂಕನ್ನು ಹರಡುತ್ತದೆ.

ಫ್ರಾಕ್ಷನಲ್ ಲೇಸರ್ 2004ರ ಸುಮಾರಿಗೆ ಬಂದ ಕಲ್ಪನೆ. ಇಡೀ ಚರ್ಮವನ್ನು ಸುಡದೆ ಜರಡಿಯಂತೆ ಸಣ್ಣ ಸಣ್ಣ ಕಂಬಗಳಾಗಿ ಸುಟ್ಟರೆ, ನಡುವಿನ ಆರೋಗ್ಯವಂತ ಚರ್ಮ ಬೇಗ ಗಾಯ ಮುಚ್ಚುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಇವುಗಳಲ್ಲಿ ಬಲಶಾಲಿ. ಕೆಂಪು, ಊತ, ಸಿಪ್ಪೆ ಒಂದು ವಾರದ ಮಾತು. ಆದರೆ ಕಂದು ಚರ್ಮದಲ್ಲಿ ಅದೇ ಶಾಖ ಹೊಸ ಕಪ್ಪು ಕಲೆಯನ್ನೂ ಬರಿಸಬಲ್ಲದು. ಬಿಳಿ ಚರ್ಮದವರ ‘ಮೊದಲು–ನಂತರ’ ಚಿತ್ರಗಳನ್ನು ತೋರಿಸಿದರೆ, ನಮ್ಮಂತಹ ಬಣ್ಣದವರ ಚಿತ್ರಗಳನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಚರ್ಮದಡಿ ಚುಚ್ಚಿ ತುಂಬುವ ಹೈಲುರಾನಿಕ್ ಆಮ್ಲದ ಫಿಲ್ಲರ್ ಅಗಲ ಕುಳಿಗಳನ್ನು ಕೂಡಲೇ ಮೇಲೆತ್ತುತ್ತದೆ, ತಿಂಗಳುಗಳಲ್ಲಿ ಕರಗುತ್ತದೆ. ಅಪರೂಪಕ್ಕೆ ರಕ್ತನಾಳ ಮುಚ್ಚಿಹೋಗುವ ಅಪಾಯವಿರುವುದರಿಂದ ಅನುಭವಿಗಳ ಕೈಯಲ್ಲಿ ಮಾತ್ರ.

ಬೆರಕೆ ಕುಳಿಗಳಿಗೆ ಬೆರಕೆ ಚಿಕಿತ್ಸೆ. ಮೊದಲು ಸಬ್‌ಸಿಷನ್, ಜೊತೆಗೆ ಅಥವಾ ನಂತರ ಟಿಸಿಎ, ಕೊನೆಗೆ ಇಡೀ ಮುಖಕ್ಕೆ ಮೈಕ್ರೋನೀಡ್ಲಿಂಗ್ ಅಥವಾ ಲೇಸರ್ ಎನ್ನುವುದು ಸಾಮಾನ್ಯ ಅನುಕ್ರಮ. ಕುಳಿ ಪೂರ್ತಿ ಮಾಯವಾಗುತ್ತದೆ ಎಂದು ಭರವಸೆ ಕೊಡುವವರಿಂದ ದೂರವಿರಿ. ಆಳ ತಗ್ಗುತ್ತದೆ, ಅಂಚು ಮೆತ್ತಗಾಗುತ್ತದೆ, ಪಕ್ಕದ ಬೆಳಕಿನ ನೆರಳು ತೆಳುವಾಗುತ್ತದೆ. ಅಷ್ಟಕ್ಕೇ ಎಷ್ಟೋ ಮಂದಿ ಫೋಟೋಗೆ ನಿಲ್ಲುವ ಭಂಗಿ ಬದಲಾಗಿದೆ.

ಹಂತ 7: ಉಬ್ಬಿದ ಕಲೆಗಳಿದ್ದರೆ

ಎದೆ, ಭುಜ, ದವಡೆಯಂಚಿನಲ್ಲಿ ಕೆಲವೊಮ್ಮೆ ಕೊಲಾಜೆನ್ ಕಡಿಮೆಯಾಗುವ ಬದಲು ವಿಪರೀತ ಬೆಳೆದು ಗಟ್ಟಿ ಉಬ್ಬಾಗುತ್ತದೆ. ಮೂಲ ಗಾಯದ ಗಡಿಯೊಳಗೇ ನಿಂತರೆ ಹೈಪರ್‌ಟ್ರೋಫಿಕ್ ಕಲೆ, ಗಡಿ ದಾಟಿ ಹರಡಿದರೆ ಕೀಲಾಯ್ಡ್. ಇಲ್ಲಿ ಎಲ್ಲವೂ ತಿರುವುಮುರುವು: ಹೊಸ ಗಾಯ ಮಾಡುವ ಚಿಕಿತ್ಸೆಗಳು ಕೀಲಾಯ್ಡನ್ನು ಬೆಳೆಸಬಹುದು, ಬರಿದೇ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳಬಹುದು. ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಚುಚ್ಚುಮದ್ದನ್ನು ಕೆಲವು ವಾರಗಳಿಗೊಮ್ಮೆ ಉಬ್ಬಿನೊಳಗೇ ಕೊಡುವುದು, ದಿನದ ಹೆಚ್ಚಿನ ಹೊತ್ತು ಸಿಲಿಕೋನ್ ಪಟ್ಟಿ ಅಥವಾ ಜೆಲ್ ಬಳಸುವುದು ಮೊದಲ ಹೆಜ್ಜೆ. ಕೀಲಾಯ್ಡ್ ನಿಮಗೋ ಒಡಹುಟ್ಟಿದವರಿಗೋ ಇದ್ದರೆ, ಮುಖದ ಕುಳಿಗೆ ಯಾವುದೇ ಚಿಕಿತ್ಸೆ ಮಾಡಿಸುವ ಮುನ್ನ ಅದನ್ನು ಹೇಳಲೇಬೇಕು.

ಹಂತ 8: ವೈದ್ಯರ ಬಳಿ, ಮತ್ತು ಮನೆಗೆ ಮರಳಿದ ಮೇಲೆ

ಹಂತ 2ರ ಹಾಳೆ, ಈವರೆಗೆ ಹಚ್ಚಿದ ಟ್ಯೂಬುಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಐಸೋಟ್ರೆಟಿನಾಯಿನ್ ನಿಲ್ಲಿಸಿ ಎಷ್ಟು ತಿಂಗಳಾಯಿತು, ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಹಿಂದೆ ಎದ್ದಿತ್ತೇ ಎಂಬುದನ್ನು ಕೇಳದಿದ್ದರೂ ಹೇಳಿ. ಹರ್ಪಿಸ್ ಇದ್ದವರಿಗೆ ಲೇಸರಿನ ಮುಂಚೆ ವೈರಸ್ ನಿರೋಧಕ ಮಾತ್ರೆ ಕೊಡುತ್ತಾರೆ. ನೀವು ಕೇಳಬೇಕಾದ ಪ್ರಶ್ನೆಗಳು ಮೂರು: ನನ್ನ ಕುಳಿಗಳು ಯಾವ ಬಗೆಯವು? ಈ ವಿಧಾನವೇ ಏಕೆ? ಕಪ್ಪಾದರೆ ಏನು ಮಾಡುತ್ತೀರಿ? ಮೊದಲ ಪ್ರಶ್ನೆಗೆ ಉತ್ತರ ಬರುವ ಮೊದಲೇ ಆರು ಸುತ್ತಿನ ರಿಯಾಯಿತಿ ಪ್ಯಾಕೇಜು ಮೇಜಿನ ಮೇಲೆ ಬಂದರೆ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬನ್ನಿ.

ಚಿಕಿತ್ಸೆಯ ಮೊದಲು ಕೆಲವು ದಿನ ರೆಟಿನಾಯ್ಡ್, ಆಮ್ಲಗಳನ್ನು ವೈದ್ಯರು ಹೇಳಿದಂತೆ ನಿಲ್ಲಿಸಿ. ಆದ ಮೇಲೆ ಮೊದಲ ದಿನಗಳಲ್ಲಿ ತಣ್ಣೀರು, ಪೆಟ್ರೋಲಿಯಂ ಜೆಲ್ಲಿಯಂತಹ ಸಾದಾ ಮುಲಾಮು, ಅಷ್ಟೇ. ಹಕ್ಕಳೆ ಕೀಳಬೇಡಿ. ಗಾಯ ಮುಚ್ಚಿದ ಕೂಡಲೇ ಸನ್‌ಸ್ಕ್ರೀನ್. ನೋವು ದಿನೇ ದಿನೇ ಹೆಚ್ಚಿದರೆ, ಕೀವು, ಜ್ವರ, ನೀರುಗುಳ್ಳೆಗಳು ಕಂಡರೆ ಮುಂದಿನ ಭೇಟಿಯ ತನಕ ಕಾಯದೆ ಅಂದೇ ಹೋಗಿ.

ಫಲಿತಾಂಶ ನೋಡುವುದಕ್ಕೆ ದಿನವೂ ಕನ್ನಡಿ ಹಿಡಿಯುವುದು ವ್ಯರ್ಥ. ಮೊದಲ ವಾರ ಊತದಿಂದಲೇ ಕುಳಿ ತುಂಬಿದಂತೆ ಕಾಣುತ್ತದೆ, ಊತ ಇಳಿದಾಗ ಎಲ್ಲವೂ ಹಾಳಾಯಿತೆಂದು ಅನಿಸುತ್ತದೆ. ಎರಡೂ ನಿಜವಲ್ಲ. ಹೊಸ ಕೊಲಾಜೆನ್ ಕಟ್ಟಿ ಗಟ್ಟಿಯಾಗಲು ಮೂರರಿಂದ ಆರು ತಿಂಗಳು ಬೇಕು. ಚಿಕಿತ್ಸೆಗೆ ಹೋಗುವ ಮುಂಚಿನ ದಿನ, ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನಲ್ಲಿ, ಒಂದು ಬದಿಯ ಬೆಳಕಿನಲ್ಲಿ ಎರಡೂ ಕೆನ್ನೆಗಳ ಫೋಟೋ ತೆಗೆದಿಡಿ. ಮೊಬೈಲಿನ ಸೌಂದರ್ಯ ಫಿಲ್ಟರ್ ಆಫ್ ಆಗಿರಲಿ. ಮೂರು ತಿಂಗಳಿಗೊಮ್ಮೆ ಅದೇ ರೀತಿ ಇನ್ನೊಂದು. ಪಕ್ಕಪಕ್ಕದಲ್ಲಿಟ್ಟಾಗ ನೆರಳು ತೆಳುವಾಗಿದ್ದರೆ ಮುಂದಿನ ಸುತ್ತಿಗೆ ಹೋಗಿ. ಎರಡು ಫೋಟೋಗಳ ನಡುವೆ ವ್ಯತ್ಯಾಸ ಹುಡುಕಲು ಕಣ್ಣು ಕಿರಿದು ಮಾಡಬೇಕಾಗಿ ಬಂದರೆ, ಆ ಫೋಟೋಗಳನ್ನೇ ವೈದ್ಯರ ಮುಂದಿಟ್ಟು ಬೇರ್ಯಾವ ವಿಧಾನ ಇದೆ ಎಂದು ಕೇಳಿ.